ಸೇದೋದು ಬಿಟ್ಟು ಟಿಂಚರ್ ಹನಿಗೆ ಹೋದರೆ ಹೇಗೆ? ಗೊತ್ತಿದ್ದವರು ಹೇಳಿ

ರಾತ್ರಿಪಾಳಿ (ಕಲಬುರಗಿ)
ಬೇರೆ ಹೆಸರಲ್ಲಿ ಬರೆಯುತ್ತಿದ್ದೇನೆ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ. ವಯಸ್ಸು 34, ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ. ಕಾಲೇಜಿನಿಂದ ಗಾಂಜಾ ಸೇದುತ್ತಿದ್ದೇನೆ. ದಿನಾ ಏನಲ್ಲ ಅಂತ ಹೇಳಿಕೊಂಡೇ ಬಂದೆ, ಈಗ ದಿನಾ ಆಗಿದೆ. ಸಿಗರೇಟಿನ ತಂಬಾಕು ಅರ್ಧ ಉದುರಿಸಿ, ಉಳಿದ ಅರ್ಧದ ಜೊತೆ ಸೊಪ್ಪು ಕಲಸಿ ತುಂಬುತ್ತೇನೆ. ರಾತ್ರಿ ಹತ್ತಾದ ಮೇಲೆ, ಮನೆ ಮಾಳಿಗೆ ಮೇಲೆ.

ಆರು ತಿಂಗಳಿಂದ ಬೆಳಗ್ಗೆ ಎದ್ದರೆ ಕೆಮ್ಮು. ಮೊದಲು ಧೂಳಿಗೆ ಅಂದುಕೊಂಡೆ. ಮೊನ್ನೆ ಮಗಳು ನನ್ನ ಹಾಗೆ ಕೆಮ್ಮಿ ತೋರಿಸಿ ನಕ್ಕಳು. ನನಗೆ ನಗು ಬರಲಿಲ್ಲ.

ನಮ್ಮ ಚಿಕ್ಕಪ್ಪನ ಮಗ ಟೊರಾಂಟೊದಲ್ಲಿದ್ದಾನೆ. ಅವನು ಸೇದೋದು ಬಿಟ್ಟು ಗಾಂಜಾ ಟಿಂಚರ್ ಹನಿ ತಗೊಳ್ತಾನಂತೆ. ಸಣ್ಣ ಬಾಟಲಿ, ಮುಚ್ಚಳದಲ್ಲೇ ಡ್ರಾಪರ್, ನಾಲಿಗೆ ಕೆಳಗೆ ಬಿಟ್ಟುಕೊಂಡು ಸುಮ್ನೆ ಕೂತರೆ ಆಯ್ತು ಅಂತಾನೆ. ಹೊಗೆ ಇಲ್ಲ, ವಾಸನೆ ಇಲ್ಲ. ಇದು ನಿಜಕ್ಕೂ ಒಳ್ಳೆಯದಾ? ಇ-ಸಿಗರೇಟ್ ಥರದ ವೇಪ್‌ಗಿಂತ ಹೇಗೆ? ಬೈಯೋರು ಬೈಯಿರಿ, ಆದರೆ ಉತ್ತರ ಕೊಟ್ಟು ಬೈಯಿರಿ.

ಶಹಾಬಾದಿ_ಕಲ್ಲು
ಟಿಂಚರ್ ಅಂದರೆ ಮೊಣಕಾಲು ಕೆತ್ತಿಕೊಂಡರೆ ಹಚ್ಚುತ್ತಿದ್ದ ಕೆಂಪು ಔಷಧ ಅಲ್ವಾ? ಅದನ್ನ ನಾಲಿಗೆ ಕೆಳಗೆ ಯಾಕೆ ಹಾಕ್ಕೋತೀರಿ ಮಾರಾಯರೇ.

ವಾರ್ಡ್_ಅಕ್ಕ
ಶಹಾಬಾದಿ ಅಣ್ಣಾ, ಅದು ಅಯೋಡಿನ್ ಟಿಂಚರ್. ಯಾವ ಔಷಧವನ್ನಾದರೂ ಸ್ಪಿರಿಟ್‌ನಲ್ಲಿ ನೆನೆಸಿ ಸತ್ವ ಇಳಿಸಿದರೆ ಅದಕ್ಕೆ ಟಿಂಚರ್ ಅಂತಾರೆ. ಹೋಮಿಯೋಪತಿಯವರು ಮದರ್ ಟಿಂಚರ್ ಅಂತ ಕೊಡಲ್ವಾ, ಅದೇ ಮಾತು.

ರಾತ್ರಿಪಾಳಿಯವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ, ಡ್ಯೂಟಿ ಮುಗಿಯಲಿ.

ಮೇಲ್ವಿಚಾರಕ
ಒಂದು ಮಾತು ಮೊದಲೇ: ಎಲ್ಲಿ ಸಿಗುತ್ತೆ, ಯಾರು ಕೊಡುತ್ತಾರೆ, ಮನೆಯಲ್ಲಿ ಹೇಗೆ ಮಾಡೋದು, ಈ ಮೂರೂ ಇಲ್ಲಿ ಬೇಡ. ಬರೆದರೆ ಅಳಿಸುತ್ತೇನೆ. ಉಳಿದದ್ದು ಮಾತಾಡಿ.

ಕಪ್ಪುಕೋಟು
ಟೊರಾಂಟೊ ತಮ್ಮನ ಮಾತು ಟೊರಾಂಟೊದಲ್ಲಿ ಸರಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ದೊಡ್ಡವರಿಗೆ ಅದು ಕಾನೂನುಬದ್ಧ. ಇಲ್ಲಿ ಮಾದಕ ವಸ್ತು ತಡೆಯೋ 1985ರ ಎನ್‌ಡಿಪಿಎಸ್ ಕಾಯ್ದೆ ಇದೆ. ಜನ ಏನಂದುಕೊಂಡಿದ್ದಾರೆ ಅಂದರೆ, ಸೇದಿದರೆ ತಪ್ಪು, ಹನಿ ಹಾಕಿಕೊಂಡರೆ ಔಷಧ. ಕಾಯ್ದೆಯ ಎರಡನೇ ಕಲಂ ತೆಗೆದು ಓದಿ. ಗಾಂಜಾದಿಂದ ತೆಗೆದ ಸತ್ವ ಮತ್ತು ಟಿಂಚರ್ ಎರಡನ್ನೂ ಹೆಸರು ಹಿಡಿದೇ ಬರೆದಿದ್ದಾರೆ. ಅದು 'ತಯಾರಿಸಿದ ಮಾದಕ ವಸ್ತು' ಅನ್ನೋ ಪಟ್ಟಿಗೆ ಸೇರುತ್ತದೆ.

ಇನ್ನೊಂದು. 2020ರಲ್ಲಿ ಸುಪ್ರೀಂ ಕೋರ್ಟ್ ಹೀರಾ ಸಿಂಗ್ ಪ್ರಕರಣದಲ್ಲಿ, ಮಾದಕ ವಸ್ತುವಿಗೆ ಬೇರೇನಾದರೂ ಬೆರೆತಿದ್ದರೆ ಬೆರಕೆ ಸೇರಿಸಿಯೇ ಒಟ್ಟು ತೂಕ ಹಿಡಿಯಬೇಕು ಅಂದಿದೆ. ಆ ಲೆಕ್ಕ ಇಟ್ಟರೆ ಬಾಟಲಿಯಲ್ಲಿರೋ ಸ್ಪಿರಿಟ್ಟೂ ನಿಮ್ಮ ತಲೆ ಮೇಲೆ ಬರುತ್ತದೆ. ತಮ್ಮ ಪಾರ್ಸೆಲ್‌ನಲ್ಲಿ ಕಳಿಸುತ್ತಾನೆ ಅನ್ನೋ ಯೋಚನೆ ಇದ್ದರೆ ಈಗಲೇ ಬಿಡಿ. ಹೊರದೇಶದಿಂದ ತರಿಸೋದು ಬೇರೆಯೇ ಅಪರಾಧ.

ಸುರಪುರ_ದಾರಿ
ಹಾಗಾದರೆ ನಮ್ಮ ತಿಂಥಣಿ? ಮೌನೇಶ್ವರನ ಜಾತ್ರೆಯಲ್ಲಿ ಜನವರಿಯಲ್ಲಿ ಬನ್ನಿ, ಕೃಷ್ಣಾ ದಂಡೆ ಮೇಲೆ ಪ್ರಸಾದ ಅಂತಲೇ ಗಾಂಜಾ ಪೊಟ್ಟಣ ಕೊಡುತ್ತಾರೆ. ಪೇಪರ್‌ನಲ್ಲೂ ಬಂದಿದೆ. ನಮ್ಮಜ್ಜ ವರ್ಷಕ್ಕೊಮ್ಮೆ ಅಲ್ಲಿ ಚಿಲುಮೆ ಹಿಡಿದವನು, ಉಳಿದ ದಿನ ಬೀಡಿ ಸಹ ಮುಟ್ಟಿದವನಲ್ಲ. ತೊಂಬತ್ತು ದಾಟಿ ಹೋದ.

ಕಪ್ಪುಕೋಟು
ನಿಮ್ಮಜ್ಜನಿಗೆ ನಮಸ್ಕಾರ. ಕಾಯ್ದೆಯಲ್ಲಿ ಜಾತ್ರೆಗೆ ರಿಯಾಯಿತಿ ಇಲ್ಲ ಅಷ್ಟೇ.

ವಾರ್ಡ್_ಅಕ್ಕ
ಸುರಪುರದವರೇ, ನಿಮ್ಮಜ್ಜ ವರ್ಷಕ್ಕೊಮ್ಮೆ ಅಂತ ನೀವೇ ಬರೆದಿದ್ದೀರಿ. ಇವರು ದಿನಾ.

ಚೌಬಾರಾ (ಬೀದರ್)
ಹನಿ ವಿಷಯ ಗೊತ್ತಿಲ್ಲ, ಹೊಟ್ಟೆಗೆ ಹೋದ ಭಂಗಿ ಏನು ಮಾಡುತ್ತೆ ಅಂತ ನನ್ನ ಕೇಳಿ. ಎಂಟು ವರ್ಷದ ಹಿಂದೆ, ಶಿವರಾತ್ರಿ. ಗೆಳೆಯ ಭಂಗಿ ಪೇಡೆ ತಂದಿದ್ದ. ಒಂದು ತಿಂದೆ. ಮುಕ್ಕಾಲು ಗಂಟೆ ಕಾದೆ. ಏನೂ ಇಲ್ಲ. 'ಇದು ಬರೀ ಖೋವಾ' ಅಂತ ನಕ್ಕು ಇನ್ನೊಂದು ತಿಂದೆ. ಸ್ಕೂಟರ್ ಹತ್ತಿ ಮನೆಗೆ ಹೊರಟೆ. ಅದೇ ತಪ್ಪು.

ಚೌಬಾರಾ ನೋಡಿದವರಿಗೆ ಗೊತ್ತು, ನಡುವೆ ಗುಂಡನೆಯ ಗೋಪುರ, ನಾಲ್ಕೂ ಕಡೆ ರಸ್ತೆ. ಹುಟ್ಟಿದಾಗಿನಿಂದ ನೋಡಿದ ಜಾಗ. ಆವತ್ತು ನಾಲ್ಕೂ ರಸ್ತೆ ಒಂದೇ ಥರ ಕಂಡವು. ಮೂರು ಸುತ್ತು ಹಾಕಿದೆ. ಆಮೇಲೆ ಗಾಡಿ ನಿಲ್ಲಿಸಿ, ಬೀಗದ ಕೈ ಮುಷ್ಟಿಯಲ್ಲಿ ಹಿಡಿದು, ಮೆಟ್ಟಿಲ ಮೇಲೆ ಕೂತೆ. ಎದೆ ಢವಢವ. ಸತ್ತೇ ಹೋದೆ ಅನ್ನಿಸಿತು. ಬಾಳೆಹಣ್ಣು ಮಾರುವ ಕಾಕಾ ಒಬ್ಬರು ಮೊಸರು ತಂದುಕೊಟ್ಟು 'ಏನೂ ಆಗಲ್ಲ ಮಗಾ, ಕೂತ್ಕೋ' ಅಂದರು. ಅಂಗಡಿಗಳೆಲ್ಲ ಮುಚ್ಚಿದರೂ ಅಲ್ಲೇ ಕೂತಿದ್ದೆ. ಅಂಗೈ ಬಿಚ್ಚಿ ನೋಡಿದರೆ ಬೀಗದ ಕೈಯ ಹಲ್ಲಿನ ಗುರುತು ಮೂಡಿತ್ತು.

ಶಹಾಬಾದಿ_ಕಲ್ಲು
ಆ ಕಾಕಾ ಡಾಕ್ಟರ್ ಆಗಬೇಕಿತ್ತು.

ವಾರ್ಡ್_ಅಕ್ಕ
ಡ್ಯೂಟಿ ಮುಗಿಯಿತು, ಈಗ ಬರೆಯುತ್ತೇನೆ. ಚೌಬಾರಾ ಅವರ ಕಥೆಯಲ್ಲೇ ಅರ್ಧ ಉತ್ತರ ಇದೆ.

ಸೇದಿದರೆ ಶ್ವಾಸಕೋಶದಿಂದ ನೇರ ರಕ್ತಕ್ಕೆ, ಅಲ್ಲಿಂದ ಮಿದುಳಿಗೆ. ಕೆಲವೇ ನಿಮಿಷ. ಎಷ್ಟಾಯಿತು ಅಂತ ಆಗಲೇ ಗೊತ್ತಾಗುತ್ತೆ, ಅದಕ್ಕೇ ಜನ ನಿಲ್ಲಿಸುತ್ತಾರೆ. ಹೊಟ್ಟೆಗೆ ಹೋದರೆ ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ದಾರಿಯಲ್ಲಿ ಲಿವರ್ ಸಿಗುತ್ತೆ. ಲಿವರ್, ಗಾಂಜಾದಲ್ಲಿ ಅಮಲು ತರೋ ಟಿಎಚ್‌ಸಿಯನ್ನು ಇನ್ನೊಂದು ರೂಪಕ್ಕೆ ತಿರುಗಿಸುತ್ತೆ, ಆ ರೂಪಕ್ಕೂ ಅಮಲು ಚೆನ್ನಾಗಿಯೇ ಇದೆ. ಹಾಗಾಗಿ ತಡವಾಗಿ ಬರುತ್ತೆ, ಜಾಸ್ತಿ ಬರುತ್ತೆ, ತಾಸುಗಟ್ಟಲೆ ಹೋಗಲ್ಲ.

ನಾಲಿಗೆ ಕೆಳಗಿನ ಹನಿ ಇವೆರಡರ ನಡುವೆ. ಒಂದು ನಿಮಿಷ ಹಾಗೇ ಹಿಡಿದರೆ ಸ್ವಲ್ಪ ಬಾಯಿಯ ತೆಳು ಚರ್ಮದಿಂದ ರಕ್ತಕ್ಕೆ ಹೋಗುತ್ತೆ. ಸುಮಾರು 15ರಿಂದ 45 ನಿಮಿಷದಲ್ಲಿ ಗೊತ್ತಾಗುತ್ತೆ. ಆದರೆ ಬಾಯಲ್ಲಿ ನೀರು ಬರುತ್ತೆ, ನುಂಗುತ್ತೀರಿ. ನುಂಗಿದ್ದು ಪೇಡೆಯ ದಾರಿಯೇ. ಅಂದರೆ ಒಂದೇ ಸಲ ಹಾಕಿಕೊಂಡಿದ್ದು ಎರಡು ಅಲೆಯಾಗಿ ಬರಬಹುದು. ಮೊದಲ ಅಲೆ ಸಣ್ಣದು ಅಂತ ಮತ್ತೆ ಡ್ರಾಪರ್ ಎತ್ತಿದರೆ ಚೌಬಾರಾದ ಮೆಟ್ಟಿಲು ಗ್ಯಾರಂಟಿ.

ಹೊಗೆ ಇಲ್ಲ ಅನ್ನೋದು ನಿಜವಾದ ಲಾಭ. ಯಾವ ಎಲೆ ಸುಟ್ಟರೂ ಟಾರ್ ಬರುತ್ತೆ, ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಗಾಂಜಾ ಸೇದೋರು ಉಸಿರು ಹಿಡಿದು ಒಳಗೇ ಇಟ್ಟುಕೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಹನಿಗೆ ಹೋದರೆ ಎದೆಗೆ ಆರಾಮ, ಅದನ್ನ ಇಲ್ಲ ಅನ್ನಲ್ಲ.

ರಾತ್ರಿಪಾಳಿ
ಅಕ್ಕಾ, ಥ್ಯಾಂಕ್ಸ್. ಯಾರೂ ಇಷ್ಟು ಬಿಡಿಸಿ ಹೇಳಿರಲಿಲ್ಲ. ವೇಪ್?

ವಾರ್ಡ್_ಅಕ್ಕ
2019ರಲ್ಲಿ ಅಮೆರಿಕದಲ್ಲಿ ವೇಪ್ ಮಾಡಿದ ಹುಡುಗರು ಉಸಿರಾಡಲಾಗದೆ ಸಾಲಾಗಿ ಆಸ್ಪತ್ರೆ ಸೇರಿದರು. 2020ರ ಫೆಬ್ರವರಿ ಹೊತ್ತಿಗೆ ಲೆಕ್ಕ 2,807 ಜನ, ಸತ್ತವರು 68. ಕಳ್ಳ ದಾರಿಯ ಟಿಎಚ್‌ಸಿ ಎಣ್ಣೆಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದ್ದೇ ಮುಖ್ಯ ಕಾರಣ ಅಂತ ಗೊತ್ತಾಯಿತು. ಹೊಟ್ಟೆಗೆ ಹೋದರೆ, ಚರ್ಮಕ್ಕೆ ಹಚ್ಚಿದರೆ ಏನೂ ಮಾಡದ ಪದಾರ್ಥ, ಕಾಯಿಸಿ ಎದೆಗೆ ಎಳೆದರೆ ಕೊಲ್ಲುತ್ತೆ.

ಕಪ್ಪುಕೋಟು
ನಮ್ಮಲ್ಲಿ ಇ-ಸಿಗರೇಟ್ ಮಾರಾಟವೇ 2019ರಿಂದ ನಿಷೇಧ. ಸೂಪರ್ ಮಾರ್ಕೆಟ್ ಕಡೆ ಪೆನ್ನಿನ ಥರ ಕಾಣುವಂಥದ್ದು ಸಿಕ್ಕರೆ ಅದರೊಳಗೆ ಏನಿದೆ ಅಂತ ಮಾರೋನಿಗೂ ಗೊತ್ತಿರಲ್ಲ.

ಹಳೇಪುಸ್ತಕ
ಈ ಟಿಂಚರ್ ನಮ್ಮ ದೇಶದ್ದೇ ಸರಕು ಅಂತ ಎಷ್ಟು ಜನಕ್ಕೆ ಗೊತ್ತು? 1839ರಲ್ಲಿ ಕಲ್ಕತ್ತಾ ಮೆಡಿಕಲ್ ಕಾಲೇಜಿನಲ್ಲಿ ಓಶಾನೆಸಿ ಅಂತ ಐರಿಶ್ ಡಾಕ್ಟರ್ ಇದ್ದ. ಇಲ್ಲಿನ ಜನ ಭಂಗಿ ಬಳಸೋದು ನೋಡಿ, ಅಂಟನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಟಿಂಚರ್ ಮಾಡಿದ. ಧನುರ್ವಾಯು, ಕಾಲರಾ, ಸಂಧಿವಾತ, ಕೂಸಿನ ಸೆಳೆತ, ಎಲ್ಲಕ್ಕೂ ಕೊಟ್ಟು ನೋಡಿದ. ಸಂಧಿವಾತದ ರೋಗಿಯೊಬ್ಬ ಆ ಅಂಟು ತಗೊಂಡ ಮೇಲೆ ಕೈ ಎತ್ತಿ ಬಿಟ್ಟರೆ ಕೈ ಅಲ್ಲೇ ಗಾಳಿಯಲ್ಲಿ ನಿಂತಿತ್ತಂತೆ!

ಆಮೇಲೆ ಅದು ಲಂಡನ್ನಿಗೆ ಹೋಗಿ ಡಾಕ್ಟರುಗಳ ಚೀಟಿಯಲ್ಲಿ ಬಂತು. 1932ರಲ್ಲಿ ಬ್ರಿಟಿಷ್ ಔಷಧ ಪಟ್ಟಿಯಿಂದ ತೆಗೆದರು. ಒಂದು ದೊಡ್ಡ ತೊಂದರೆ ಏನಂದರೆ, ಒಂದು ಬಾಟಲಿಯ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಒಂದರಲ್ಲಿ ಏನೂ ಇಲ್ಲ, ಇನ್ನೊಂದರಲ್ಲಿ ಕೈ ಗಾಳಿಯಲ್ಲಿ.

ತೊಗರಿಹೊಲ
ಇತಿಹಾಸ ಬಿಡಿ, ವರ್ತಮಾನ ಹೇಳುತ್ತೇನೆ. ನಮ್ಮ ಕಡೆ ತೊಗರಿ ಸಾಲಿನ ನಡುವೆ ಯಾರೋ ನಾಲ್ಕು ಗಿಡ ಹಾಕಿರುತ್ತಾರೆ. ಹೊಲದವನಿಗೆ ಗೊತ್ತೋ ಇಲ್ಲವೋ, ರೇಡ್ ಆದರೆ ಮೊದಲು ಕೇಳೋದು ಪಹಣಿ ಯಾರ ಹೆಸರಲ್ಲಿದೆ ಅಂತ. ನಮ್ಮ ಪಕ್ಕದ ಹೊಲದವನು ಪಾಲಿಗೆ ಕೊಟ್ಟಿದ್ದ. ಎರಡು ವರ್ಷ ಕೋರ್ಟಿಗೆ ಅಲೆದ. ಬೆಳೆದದ್ದು ಸಾಬೀತಾದರೆ ಹತ್ತು ವರ್ಷದವರೆಗೆ ಶಿಕ್ಷೆ ಇದೆ. 2020ರಲ್ಲಿ ಕಾಳಗಿ ಕಡೆ ಕುರಿ ದೊಡ್ಡಿಯ ನೆಲದಡಿ ಸಾವಿರ ಕೆಜಿಗೂ ಜಾಸ್ತಿ ಸಿಕ್ಕಿದ್ದು ನೆನಪಿದೆಯಾ? ಬೆಂಗಳೂರು ಪೊಲೀಸರು ಬಂದು ತೆಗೆದರು. ನೀವು ಪಟ್ಟಣದಲ್ಲಿ ಹನಿ ಎಣಿಸಿ, ಕೇಸು ನಮ್ಮ ಕಡೆ.

ರೋಜಾ_ಗಲ್ಲಿ
ನನ್ನದು ಬೇರೆ ಪ್ರಶ್ನೆ. ಅಮ್ಮನಿಗೆ ಮಂಡಿ ನೋವು, ರಾತ್ರಿ ನಿದ್ದೆ ಇಲ್ಲ. ಯಾರೋ ವಿಜಯಾ ಎಣ್ಣೆ ಅಂತ ಹೇಳಿದರು, ಅದು ಆಯುರ್ವೇದ ಅಂತೆ. ಸ್ಪಿರಿಟ್ ಇರುವುದನ್ನ ಅಮ್ಮ ಮುಟ್ಟಲ್ಲ, ಕೆಮ್ಮಿನ ಔಷಧಿಯಲ್ಲೂ ಬಾಟಲಿ ತಿರುಗಿಸಿ ನೋಡುತ್ತಾರೆ. ಎಣ್ಣೆಯದ್ದು ಆಗುತ್ತಾ?

ಕಪ್ಪುಕೋಟು
ಇಲ್ಲಿ ಗೊಂದಲ ಜಾಸ್ತಿ, ಬಿಡಿಸುತ್ತೇನೆ. ಎನ್‌ಡಿಪಿಎಸ್‌ನಲ್ಲಿ ಗಾಂಜಾ ಅಂದರೆ ಹೂವಿನ ತುದಿ. ತುದಿ ಜೊತೆಗಿಲ್ಲದ ಬರೀ ಎಲೆ, ಬೀಜ ಗಾಂಜಾದಲ್ಲಿ ಬರಲ್ಲ. ಆ ಎಲೆಯೇ ಭಂಗಿ, ಆಯುರ್ವೇದದಲ್ಲಿ ಅದಕ್ಕೇ ವಿಜಯಾ ಅಂತಾರೆ. ಆಯುಷ್ ಲೈಸೆನ್ಸ್ ಇರೋರು ಎಲೆಯಿಂದ ಮಾಡಿದ್ದನ್ನು ವೈದ್ಯರ ಚೀಟಿ ಮೇಲೆ ಕೊಡುತ್ತಾರೆ. ಜಾತಿಫಲಾದಿ ಚೂರ್ಣದಲ್ಲೂ ವಿಜಯಾ ಇದೆ, ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಕೂಡ ಭಂಗಿ ಕೇಸೊಂದರಲ್ಲಿ ಜಾಮೀನು ಕೊಡುವಾಗ ಈ ವ್ಯತ್ಯಾಸ ಎತ್ತಿ ಹೇಳಿತು. ಹಾಗಂತ ಭಂಗಿ ಪೂರ್ತಿ ಫ್ರೀ ಅಂದುಕೊಳ್ಳಬೇಡಿ, ರಾಜ್ಯದ ಅಬಕಾರಿ ಕಾಯ್ದೆಯ ಮಾದಕ ವಸ್ತು ಪಟ್ಟಿಯಲ್ಲಿ ಅದೂ ಇದೆ.

ವಾರ್ಡ್_ಅಕ್ಕ
ರೋಜಾ ತಂಗೀ, ಎಣ್ಣೆಯದ್ದು ಇದೆ, ಆದರೆ ಮೊದಲು ಅಮ್ಮನ ಉಳಿದ ಮಾತ್ರೆಗಳ ಪಟ್ಟಿ ಹೇಳು. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ತಾರಾ? ಫಿಟ್ಸ್ ಮಾತ್ರೆ? ಈ ಗಿಡದಲ್ಲಿರೋ ಸಿಬಿಡಿ ಅನ್ನೋ, ಅಮಲು ತರದ ಇನ್ನೊಂದು ಅಂಶ, ಆ ಮಾತ್ರೆಗಳನ್ನು ಕರಗಿಸುವ ಲಿವರ್ ಕೆಲಸವನ್ನೇ ನಿಧಾನ ಮಾಡುತ್ತೆ. ಮಾತ್ರೆ ಅದೇ, ಆದರೆ ರಕ್ತದಲ್ಲಿ ಜಾಸ್ತಿ ಆಗುತ್ತೆ. ವಯಸ್ಸಾದವರಿಗೆ ರಾತ್ರಿ ಎದ್ದಾಗ ತಲೆ ತಿರುಗಿ ಬೀಳೋದು ಇನ್ನೊಂದು ಭಯ.

ರೋಜಾ_ಗಲ್ಲಿ
ಅಕ್ಕಾ, ವಾರ್ಫರಿನ್ ಇದೆ. ವಾಲ್ವ್ ಆಪರೇಷನ್ ಆಗಿದೆ ಸೋಲಾಪುರದಲ್ಲಿ. ನಾನು ಇದನ್ನ ಯೋಚಿಸಿಯೇ ಇರಲಿಲ್ಲ.

ವಾರ್ಡ್_ಅಕ್ಕ
ಹಾಗಾದರೆ ಆ ಹೃದಯದ ಡಾಕ್ಟರನ್ನ ಕೇಳದೆ ಒಂದು ಹನಿಯೂ ಬೇಡ. ಆಯುರ್ವೇದ ಅಂತ ಬರೆದಿದ್ದರೂ ಅಷ್ಟೇ.

ಹುಮನಾಬಾದ್_ಮಂದಿ
ನಾನು ಆನ್‌ಲೈನ್‌ನಲ್ಲಿ ಚೀಟಿ ಮೇಲೆ ತರಿಸಿದವನು, ಬೆನ್ನು ನೋವಿಗೆ. ಚೀಟಿ ಹೇಗೆ ಸಿಕ್ಕಿತು ಗೊತ್ತಾ? ಫೋನ್‌ನಲ್ಲಿ ಐದು ನಿಮಿಷ. ಬೇರೆ ಮಾತ್ರೆ ತಗೋತೀರಾ ಅಂತಲೂ ಕೇಳಲಿಲ್ಲ. ಬಾಟಲಿ ಬಂತು, 30 ಎಂಎಲ್, ಸಾವಿರಾರು ರೂಪಾಯಿ. ಮೇಲೆ 'ಸತ್ವ' ಎಷ್ಟು ಅಂತ ದೊಡ್ಡದಾಗಿ ಬರೆದಿದ್ದಾರೆ, ಅದರಲ್ಲಿ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಅಂತ ಎಲ್ಲೂ ಇಲ್ಲ. ಫೋನ್ ಮಾಡಿದರೆ 'ನ್ಯಾಚುರಲ್ ಸರ್' ಅಂದರು. ಉಮ್ಮತ್ತಿ ಕೂಡ ನ್ಯಾಚುರಲ್ಲೇ.

ಇನ್ನೊಂದು ಮೋಸ: ಹೆಂಪ್, ಅಂದರೆ ಇದೇ ಗಿಡದ, ಬೀಜದ ಎಣ್ಣೆಯನ್ನೇ ನೋವಿಗೆ ಅಂತ ಮಾರೋದು. ಬೀಜದ ಎಣ್ಣೆ ಅಡುಗೆ ಸಾಮಾನು. 2021ರಲ್ಲಿ ಆಹಾರದ ಗುಣಮಟ್ಟ ನೋಡೋ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ತಿನ್ನೋದಕ್ಕೆ ಒಪ್ಪಿಗೆ ಕೊಟ್ಟಿದೆ, ಒಂದು ಕೆಜಿ ಎಣ್ಣೆಯಲ್ಲಿ ಟಿಎಚ್‌ಸಿ 10 ಮಿಲಿಗ್ರಾಂ ದಾಟಬಾರದು. ಅದರಲ್ಲಿ ಸಿಬಿಡಿಯೂ ಇಲ್ಲದಷ್ಟೇ. ನಮ್ಮ ಕುಸುಬಿ ಎಣ್ಣೆ ಹಚ್ಚಿದಷ್ಟೇ ಲಾಭ.

ತೊಗರಿಹೊಲ
ಕುಸುಬಿ ಎಣ್ಣೆಗೆ ಏನಾಗಿದೆ? ಗಾಣದ ಕುಸುಬಿ ಎಣ್ಣೆ ಬಿಸಿ ಮಾಡಿ ಬೆನ್ನಿಗೆ ತಿಕ್ಕಿಸಿಕೊಳ್ಳಿ ಒಂದು ವಾರ, ಆಮೇಲೆ ಮಾತಾಡಿ.

ಹುಮನಾಬಾದ್_ಮಂದಿ
ತಿಕ್ಕೋರು ಬೇಕಲ್ಲ ಕಾಕಾ.

ಟೊರಾಂಟೊ_ಗುಲ್ಬರ್ಗಾ
ಇಲ್ಲಿ ಇರೋನು ನಾನೂ ಒಬ್ಬ (ರಾತ್ರಿಪಾಳಿಯ ತಮ್ಮ ನಾನಲ್ಲ!). ಇಲ್ಲಿನ ಬಾಟಲಿ ಮೇಲೆ ಒಂದು ಎಂಎಲ್‌ಗೆ ಟಿಎಚ್‌ಸಿ ಎಷ್ಟು ಮಿಲಿಗ್ರಾಂ, ಸಿಬಿಡಿ ಎಷ್ಟು ಅಂತ ಅಚ್ಚು ಹಾಕಿರಲೇಬೇಕು. ಎಂಎಲ್‌ಗೆ 10 ಮಿಲಿಗ್ರಾಂ ಅಂದರೆ ಕಾಲು ಎಂಎಲ್‌ನಲ್ಲಿ ಎರಡೂವರೆ. ಹೊಸಬರಿಗೆ ಅಷ್ಟರಿಂದಲೇ ಶುರು ಮಾಡಿ, ಆ ದಿನ ಮತ್ತೆ ಮುಟ್ಟಬೇಡಿ ಅಂತಾರೆ. ಹನಿ ಎಣಿಸಬಾರದು, ಡ್ರಾಪರ್ ಮೇಲಿನ ಗೆರೆ ನೋಡಬೇಕು. ಸ್ಪಿರಿಟ್ ಹನಿ ನೀರಿನ ಹನಿಗಿಂತ ಚಿಕ್ಕದು, ಎಣ್ಣೆಯ ಹನಿ ಬೇರೆ, ಲೆಕ್ಕ ತಪ್ಪುತ್ತೆ. ಸ್ಪಿರಿಟ್‌ದು ನಾಲಿಗೆ ಕೆಳಗೆ ಉರಿಯುತ್ತೆ ಬೇರೆ. ಗುಟ್ಕಾ ಹಾಕಿ ಬಾಯಿ ಹುಣ್ಣಾದವರು ಹಾಕಿಕೊಂಡರೆ ಕುಣಿಯುತ್ತಾರೆ.

ಮುಖ್ಯ ಮಾತು: ನಮ್ಮ ಮನೆಯಲ್ಲಿ ಮಗುವಿನ ವಿಟಮಿನ್ ಡಿ ಹನಿಯ ಬಾಟಲಿಯೂ ಅಷ್ಟೇ ದಪ್ಪ, ಅದೇ ಕಂದು ಬಣ್ಣ, ಅದೇ ಡ್ರಾಪರ್. ಊರಿಂದ ಬಂದ ನಮ್ಮ ಅತ್ತೆ ಒಂದು ದಿನ ತಪ್ಪು ಬಾಟಲಿ ಎತ್ತಿ ಮಗುವನ್ನ ತೊಡೆ ಮೇಲೆ ಮಲಗಿಸಿಕೊಂಡಿದ್ದರು. ಹೆಂಡತಿ ನೋಡಿದ್ದಕ್ಕೆ ಉಳಿಯಿತು. ಆವತ್ತೇ ಬಾಟಲಿ ಮನೆಯಿಂದ ಹೋಯಿತು. ಅತ್ತೆಗೆ ಇವತ್ತಿಗೂ ಅದರಲ್ಲಿ ಏನಿತ್ತು ಅಂತ ಹೇಳಿಲ್ಲ.

ರಾತ್ರಿಪಾಳಿ
ಮಗಳಿಗೆ ಐದು ವರ್ಷ. ಈ ಕೊನೆಯದ್ದು ಓದಿ ಸುಮ್ನಾದೆ.

ಬಿಸಿಲುನಾಡು
ಅಣ್ಣಾ ಒಂದು ಕೇಳಲಾ? ಬೇಜಾರಾಗಬೇಡಿ. ನೀವು ಅರ್ಧ ಸಿಗರೇಟಿನ ತಂಬಾಕು ಕಲಸುತ್ತೀರಿ ಅಂದಿರಿ. ರಾತ್ರಿ ಹತ್ತಕ್ಕೆ ಕೈ ಹುಡುಕೋದು ಸೊಪ್ಪನ್ನಾ, ತಂಬಾಕನ್ನಾ? ನಾನು ಏಳು ವರ್ಷ ಹಾಗೇ ಸೇದಿದವನು. ಸೊಪ್ಪು ಸಿಗದ ವಾರ ಏನು ಮಾಡುತ್ತಿದ್ದೆ ಗೊತ್ತಾ? ಬರೀ ಸಿಗರೇಟ್, ದಿನಕ್ಕೆ ಹನ್ನೆರಡು. ನನಗೆ ಗಾಂಜಾ ಚಟ ಅಂತ ಎಲ್ಲರಿಗೂ ಹೇಳುತ್ತಿದ್ದೆ, ನಿಕೋಟಿನ್ ನಗುತ್ತಿತ್ತು. ಹನಿಯಲ್ಲಿ ನಿಕೋಟಿನ್ ಇಲ್ಲ. ಹನಿಯೂ ಹಾಕಿಕೊಂಡು, ಸಿಗರೇಟೂ ಸೇದುತ್ತೀರಿ ನೋಡಿ.

ಸುರಪುರ_ದಾರಿ
ಎಲ್ಲರಿಗೂ ಹಾಗಾಗಲ್ಲ. ಸುಮ್ನೆ ಹೆದರಿಸಬೇಡಿ.

ಬಿಸಿಲುನಾಡು
ಎಲ್ಲರಿಗೂ ಅಂದೆನಾ? ಅವರನ್ನ ಕೇಳಿದೆ.

ರಾತ್ರಿಪಾಳಿ
ಪರೀಕ್ಷೆ ಮಾಡಿದೆ. ಮೂರು ರಾತ್ರಿ ತಂಬಾಕು ಇಲ್ಲದೆ ಬರೀ ಸೊಪ್ಪು. ಅಮಲು ಬಂತು, ಆದರೆ ಸಮಾಧಾನ ಇಲ್ಲ. ಮೂರನೇ ರಾತ್ರಿ ಕೆಳಗಿಳಿದು ಹೋಗಿ ಪಾನ್ ಡಬ್ಬಿಯಲ್ಲಿ ಒಂದು ಸಿಗರೇಟ್ ಸೇದಿ ಬಂದೆ. ಆಮೇಲೆ ನಿದ್ದೆ ಬಂತು. ಬಿಸಿಲುನಾಡು ಅಣ್ಣನ ಮಾತೇ ಸರಿ, ಸಿಟ್ಟು ಬರುತ್ತಿದೆ.

ವಾರ್ಡ್_ಅಕ್ಕ
ಸಿಟ್ಟು ಬರಲಿ ಬಿಡಿ. ತಂಬಾಕಿಗೆ ದಾರಿ ಇದೆ. 1800-11-2356 ತಂಬಾಕು ಬಿಡಿಸುವ ಉಚಿತ ಸಹಾಯವಾಣಿ. ನಿಕೋಟಿನ್ ಗಮ್, ಪ್ಯಾಚ್ ಬಗ್ಗೆ ಡಾಕ್ಟರನ್ನ ಕೇಳಿ. ಗಾಂಜಾಕ್ಕೆ 14446, ಮನಸ್ಸಿಗೆ ತೀರಾ ಕಷ್ಟ ಆದರೆ ಟೆಲಿಮಾನಸ್ 14416. ಕೆಮ್ಮಿಗೆ ಒಂದು ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಮಾಡಿಸಿ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲೇಬೇಕು. ನೀವಂತೂ ಆರು ತಿಂಗಳು ಅಂತಿದ್ದೀರಿ!

ರಾತ್ರಿಪಾಳಿ
ಮೂರು ವಾರ ಆಯಿತು, ಕೇಳಿದವರಿಗೆ ಹೇಳುತ್ತಿದ್ದೇನೆ. ಎಕ್ಸ್‌ರೇ, ಕಫ ಎರಡೂ ಆಯಿತು, ಟಿಬಿ ಇಲ್ಲ. ಡಾಕ್ಟರಿಗೆ ಎಲ್ಲ ಹೇಳಿದೆ, ಬೈಯಲಿಲ್ಲ, ಗಮ್ ಬರೆದುಕೊಟ್ಟರು. ಮೆಣಸು ಅಗಿದ ಹಾಗೆ ಗಂಟಲು ಚುರ್ ಅನ್ನುತ್ತೆ. ಗಾಂಜಾ ಎರಡು ವಾರದಿಂದ ಇಲ್ಲ. ನಿದ್ದೆ ಕೆಟ್ಟಿದೆ. ಸಿಕ್ಕಾಪಟ್ಟೆ ಕನಸು. ನಿನ್ನೆ ಕನಸಿನಲ್ಲಿ ಫ್ಯಾಕ್ಟರಿ ಕನ್ವೇಯರ್ ಮೇಲೆ ಜೋಳದ ರೊಟ್ಟಿ ಬರುತ್ತಿತ್ತು, ಒಂದೊಂದೇ, ಬಿಸಿಬಿಸಿ. ಸೂಪರ್‌ವೈಸರ್ ಎಣಿಸುತ್ತಿದ್ದ. ಹನಿ ತರಿಸಲಿಲ್ಲ. ಸಿಗರೇಟ್ ದಿನಕ್ಕೆ ಎರಡಕ್ಕೆ ಬಂದಿದೆ, ಒಂದೊಂದು ದಿನ ನಾಲ್ಕು.

ವಾರ್ಡ್_ಅಕ್ಕ
ದಿನಾ ಸೇದಿ ಬಿಟ್ಟವರಿಗೆ ಕನಸು ಹಾಗೇ ನುಗ್ಗಿ ಬರುತ್ತವೆ, ಕೆಲವು ವಾರದಲ್ಲಿ ಕಡಿಮೆಯಾಗುತ್ತೆ. ಗಮ್ ಅಗಿಯುತ್ತಲೇ ಇರಬೇಡಿ. ನಾಲ್ಕು ಸಲ ಅಗಿದು ಕೆನ್ನೆ ಒಳಗೆ ಒತ್ತಿ ಇಟ್ಟುಕೊಳ್ಳಿ. ಚುರ್ ಅನ್ನೋದು ನಿಲ್ಲುತ್ತೆ.

ಚೌಬಾರಾ (ಬೀದರ್)
ರೊಟ್ಟಿ ಜೊತೆ ಪಲ್ಯ ಏನಿತ್ತು?

ರಾತ್ರಿಪಾಳಿ
ಪುಂಡಿ ಪಲ್ಯ. ಆದರೆ ಅದು ಬರೋ ಹೊತ್ತಿಗೆ ಎಚ್ಚರ ಆಯಿತು.

ಹೊಸಬ_2
ಪೂರ್ತಿ ಓದಲಿಲ್ಲ, ಸಾರಿ. ಟಿಂಚರ್ ಎಲ್ಲಿ ಸಿಗುತ್ತೆ ಯಾರಾದರೂ ಹೇಳ್ತೀರಾ?

ಶಹಾಬಾದಿ_ಕಲ್ಲು
ಮೊದಲು ಗಾಯ ಎಲ್ಲಾಗಿದೆ ಹೇಳು ತಮ್ಮಾ.